ಸಮ್ಮತಿ ಕೊಡಬೇಕಾದವರು ಯಾರು? ಇರಾಕಿನ ಸಂಸತ್ತು ಮತ್ತು ಪರಸೇನೆಯ ಅವಧಿ

ಪರದೇಶದ ಸೇನೆಯೊಂದು ಒಂದು ನಾಡಿನಲ್ಲಿ ಬೀಡುಬಿಟ್ಟಿರುವುದಕ್ಕೆ ಎರಡು ಬಗೆಯ ಆಧಾರಗಳಿರುತ್ತವೆ: ಒಂದು ಗೆದ್ದವರ ಬಲ, ಇನ್ನೊಂದು ಆ ನಾಡಿನವರ ಸಮ್ಮತಿ. 2003ರಲ್ಲಿ ಅಮೆರಿಕದ ನೇತೃತ್ವದ ಸೇನೆ ಮೊದಲನೆಯದರಿಂದ ಇರಾಕನ್ನು ಹೊಕ್ಕಿತು. 2004ರ ನಂತರ ಎರಡನೆಯದರ ಹೆಸರಿನಲ್ಲಿ ಅಲ್ಲಿ ಉಳಿಯಿತು. ಆ ಸಮ್ಮತಿಯನ್ನು ಕೊಡುವ ಅಧಿಕಾರ ಪ್ರಧಾನಿಯದೋ ಸಂಸತ್ತಿನದೋ ಎಂಬ ಪ್ರಶ್ನೆ ಇರಾಕಿನ ಈಚಿನ ಚರಿತ್ರೆಯ ಒಂದು ಮುಖ್ಯ ಅಧ್ಯಾಯ.

2004ರ ಜೂನ್ 8ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಅಂಗೀಕರಿಸಿದ 1546ನೆಯ ನಿರ್ಣಯವು ಬಹುರಾಷ್ಟ್ರೀಯ ಸೇನೆಯ ಇರುವಿಕೆಯನ್ನು ‘ಇರಾಕ್ ಸರ್ಕಾರ’ದ ಕೋರಿಕೆಗೆ ಜೋಡಿಸಿತು. ಸರ್ಕಾರ ಕೇಳಿದರೆ ಸೇನೆಯ ಅಧಿಕಾರಾವಧಿ ಮುಗಿಯುವುದೆಂದೂ ಅದರಲ್ಲಿ ಹೇಳಲಾಗಿತ್ತು. ಆಗ ಇರಾಕಿನಲ್ಲಿ ಚುನಾಯಿತ ಶಾಸನಸಭೆಯೇ ಇರಲಿಲ್ಲವಾದುದರಿಂದ ‘ಸರ್ಕಾರ’ ಎಂಬ ಪದದ ಅರ್ಥವನ್ನು ಕುರಿತು ವಿವಾದ ಹುಟ್ಟಲು ಎಡೆಯಿರಲಿಲ್ಲ. 2005ರ ಅಕ್ಟೋಬರಿನಲ್ಲಿ ಜನಮತದ ಮೂಲಕ ಹೊಸ ಸಂವಿಧಾನ ಬಂದಿತು. ಡಿಸೆಂಬರಿನ ಚುನಾವಣೆಯಿಂದ 275 ಸದಸ್ಯರ ಪ್ರತಿನಿಧಿಸಭೆ ರೂಪುಗೊಂಡಿತು. ಅಂತಾರಾಷ್ಟ್ರೀಯ ಒಪ್ಪಂದಗಳ ಅನುಮೋದನೆಯ ಕ್ರಮವನ್ನು ಮೂರನೆಯ ಎರಡು ಬಹುಮತದ ಕಾನೂನಿನಿಂದ ನಿರ್ಧರಿಸುವ ಹೊಣೆಯನ್ನು ಸಂವಿಧಾನದ 61ನೆಯ ವಿಧಿ ಈ ಸಭೆಗೆ ವಹಿಸಿತು. ಪದ ಹಳೆಯದೇ ಆಗಿ ಉಳಿದರೂ ಅದರ ಹಿಂದಿನ ವಾಸ್ತವ ಬದಲಾಗಿತ್ತು.

2006ರ ನವೆಂಬರಿನಲ್ಲಿ ಪ್ರಧಾನಿ ನೂರಿ ಅಲ್-ಮಲಿಕಿ ಸಂಸತ್ತಿನ ಒಪ್ಪಿಗೆ ಪಡೆಯದೆ ಸೇನೆಯ ಅವಧಿಯ ವಿಸ್ತರಣೆಯನ್ನು ಕೋರಿ ಪತ್ರ ಬರೆದರು. ಭದ್ರತಾ ಮಂಡಳಿ ನವೆಂಬರ್ 28ರಂದು 1723ನೆಯ ನಿರ್ಣಯದ ಮೂಲಕ ಅದನ್ನು 2007ರ ಕೊನೆಯವರೆಗೆ ವಿಸ್ತರಿಸಿತು. ಇದನ್ನು ಪ್ರತಿಭಟಿಸಿ 144 ಸದಸ್ಯರು, ಎಂದರೆ ಸಭೆಯ ಅರ್ಧಕ್ಕಿಂತ ಹೆಚ್ಚು ಮಂದಿ, 2007ರಲ್ಲಿ ಸಹಿ ಹಾಕಿದರು. ಅವರಲ್ಲಿ ಸದರ್ ಬಣದ ಷಿಯಾಗಳಿದ್ದರು, ಸುನ್ನಿಗಳೂ ಇದ್ದರು. ಪಂಥಕಲಹ ಬೀದಿಬೀದಿಯಲ್ಲಿ ರಕ್ತ ಹರಿಸುತ್ತಿದ್ದ ಕಾಲದಲ್ಲಿ ಈ ಸಹಮತ ಸಣ್ಣ ಸಂಗತಿಯಲ್ಲ. ಸಂಸತ್ತನ್ನು ಬದಿಗಿರಿಸಿ ಸಚಿವ ಸಂಪುಟವೊಂದೇ ಸಲ್ಲಿಸುವ ಕೋರಿಕೆ ಸಂವಿಧಾನಬಾಹಿರ ಎಂಬುದು ಅವರ ವಾದದ ತಿರುಳು. ಜೂನ್ ತಿಂಗಳಲ್ಲಿ ಸಭೆ ಒಂದು ಹೆಜ್ಜೆ ಮುಂದೆ ಹೋಗಿ, ಮುಂದಿನ ವಿಸ್ತರಣೆಗೆ ತನ್ನ ಒಪ್ಪಿಗೆ ಕಡ್ಡಾಯವೆಂದು ನಿರ್ಣಯಿಸಿತು.

ಮಲಿಕಿಯವರ ಪಕ್ಷದಲ್ಲಿಯೂ ಹುರುಳಿಲ್ಲದಿರಲಿಲ್ಲ. ಇರಾಕಿನ ಸೇನೆ ಇನ್ನೂ ಕಟ್ಟುವ ಹಂತದಲ್ಲಿತ್ತು. ದೇಶದ ತೈಲದ ಆದಾಯವನ್ನು ಹಳೆಯ ಸಾಲಗಾರರ ದಾವೆಗಳಿಂದ ಕಾಯುವ ರಕ್ಷಣೆಯೂ ಇದೇ ನಿರ್ಣಯಗಳೊಡನೆ ವರ್ಷವರ್ಷ ಮುಂದುವರಿಯುತ್ತಿತ್ತು. ಆದರೆ ಕಾರಣ ಬಲವಾಗಿದ್ದರೆ ಅದನ್ನು ಸಭೆಯ ಮುಂದಿಡಬಹುದಿತ್ತು. ಹಾಗಾಗಲಿಲ್ಲ. 2007ರ ಡಿಸೆಂಬರ್ 18ರಂದು, ಸಂಸತ್ತಿನ ಮತವಿಲ್ಲದೆಯೇ, 1790ನೆಯ ನಿರ್ಣಯದಿಂದ ಅವಧಿ ಮತ್ತೊಂದು ವರ್ಷ ಮುಂದುವರಿಯಿತು. ಇದೇ ಕೊನೆಯ ಕೋರಿಕೆ ಎಂಬ ಮಾತು ಮಾತ್ರ ಆ ಬಾರಿಯ ಪತ್ರದಲ್ಲಿ ಸೇರಿತು.

ಸದಸ್ಯರ ಈ ನಿಷ್ಠುರತೆಗೆ ಹಿಂದಿನ ಚರಿತ್ರೆಯೂ ಹಿನ್ನೆಲೆಯಾಗಿದೆ. ಬ್ರಿಟನ್ನಿನ ಅಧಿಕಾರವನ್ನು ಉಳಿಸಿದ 1922ರ ಒಪ್ಪಂದ 1924ರ ಜೂನಿನಲ್ಲಿ ಸಂವಿಧಾನರಚನಾ ಸಭೆಯ ಮುಂದೆ ಬಂದಾಗ, ಬ್ರಿಟಿಷರು ವಿಧಿಸಿದ್ದ ಗಡುವಿನ ರಾತ್ರಿ ಸದಸ್ಯರನ್ನು ಕರೆತಂದು ಕೂರಿಸಬೇಕಾಯಿತು. ಪರವಾಗಿ ಬಿದ್ದ ಮತಗಳು 37, ವಿರೋಧವಾಗಿ 24. 1948ರ ಜನವರಿಯಲ್ಲಿ ಪೋರ್ಟ್ಸ್‌ಮತ್‌ನಲ್ಲಿ ಪ್ರಧಾನಿ ಸಾಲಿಹ್ ಜಬ್ರ್ ಸಹಿ ಮಾಡಿದ ಒಪ್ಪಂದವನ್ನು ಬಾಗ್ದಾದಿನ ಬೀದಿಗಳೇ ತಿರಸ್ಕರಿಸಿದವು. ಆ ತಿಂಗಳು ಮುಗಿಯುವ ಮೊದಲೇ ಅವರು ಪದವಿ ತೊರೆದರು. ಸಭೆಯನ್ನು ದಾಟಿ ಬಂದ ಸಹಿ ಎಷ್ಟು ದುರ್ಬಲವೆಂಬುದನ್ನು ಆ ನಾಡು ಅನುಭವದಿಂದ ಬಲ್ಲದು.

2008ರಲ್ಲಿ ವಿಶ್ವಸಂಸ್ಥೆಯ ಆದೇಶದ ಬದಲಿಗೆ ಅಮೆರಿಕದೊಡನೆ ನೇರ ಒಪ್ಪಂದದ ಮಾತುಕತೆ ನಡೆಯಿತು. ಇದೇ ಆಕ್ಷೇಪ ಆಗ ವಾಷಿಂಗ್ಟನ್ನಿನಲ್ಲಿಯೂ ಕೇಳಿಬಂದಿತು. ಕಾಂಗ್ರೆಸ್ಸಿನ ಅನುಮೋದನೆಯಿಲ್ಲದೆ ಅಧ್ಯಕ್ಷ ಬುಷ್ ಇಂಥ ಒಪ್ಪಂದ ಮಾಡಬಾರದೆಂದು ಅಲ್ಲಿನ ಸದಸ್ಯರು ವಾದಿಸಿದರು. ಪ್ರತಿನಿಧಿ ಬಿಲ್ ಡೆಲಾಹಂಟ್ ಅಧ್ಯಕ್ಷತೆಯ ಉಪಸಮಿತಿ ಆ ಜೂನಿನಲ್ಲಿ ಇರಾಕಿನ ಇಬ್ಬರು ಸಂಸದರನ್ನೇ ಕರೆಸಿ ಅವರ ಮಾತನ್ನು ಕೇಳಿತು. ಕೊನೆಗೆ ನವೆಂಬರ್ 27ರಂದು ಬಾಗ್ದಾದಿನಲ್ಲಿ ಹಾಜರಿದ್ದ 198 ಸದಸ್ಯರಲ್ಲಿ 149 ಮಂದಿ ಒಪ್ಪಂದಕ್ಕೆ ಮತ ನೀಡಿದರು. 2011ರ ಕೊನೆಗೆ ಪೂರ್ಣ ನಿರ್ಗಮನವೆಂಬುದು ಅದರ ಷರತ್ತು. ಅಮೆರಿಕದ ಕಾಂಗ್ರೆಸ್ಸಿನಲ್ಲಿ ಮತದಾನ ನಡೆಯಲೇ ಇಲ್ಲ. ಪ್ರಜಾಪ್ರಭುತ್ವವನ್ನು ಕಲಿಸಲು ಬಂದೆವೆಂದವರ ಸಭೆ ಮೌನವಾಗಿದ್ದಾಗ, ಕಲಿಯಬೇಕಾದವರ ಸಭೆ ಮತ ಹಾಕಿತು.

2011ರಲ್ಲಿ ಪಾತ್ರಗಳು ಅದಲುಬದಲಾದವು. ಸೈನಿಕರು ಉಳಿಯಬೇಕಾದರೆ ಅವರಿಗೆ ಕಾನೂನಿನ ರಕ್ಷಣೆ ಬೇಕು, ಅದು ಸಂಸತ್ತಿನ ಮೂಲಕವೇ ಬರಬೇಕು ಎಂದು ಪಟ್ಟುಹಿಡಿದದ್ದು ವಾಷಿಂಗ್ಟನ್. ಸಂಸತ್ತಿನಿಂದ ಅದು ದೊರೆಯಲಿಲ್ಲ. ಡಿಸೆಂಬರ್ 18ರಂದು ಕೊನೆಯ ತುಕಡಿ ಗಡಿ ದಾಟಿತು. ಐಸಿಸ್ ದಾಳಿಯ ತರುವಾಯ 2014ರಲ್ಲಿ ಮರಳಿ ಬಂದ ಸೈನಿಕರಿಗೆ ಮಾತ್ರ ರಾಜತಾಂತ್ರಿಕ ಪತ್ರವೇ ಸಾಕಾಯಿತು. ಸಭೆ ಮತ್ತೆ ಹೊರಗುಳಿಯಿತು.

144 ಸಹಿಗಳು 2007ರ ವಿಸ್ತರಣೆಯನ್ನು ತಡೆಯಲಿಲ್ಲ. ಆದ್ದರಿಂದ ಅವನ್ನು ವಿಫಲ ಪ್ರತಿಭಟನೆಯೆಂದು ಬಗೆಯುವುದು ಸುಲಭ. ಆದರೆ ಮರುವರ್ಷ ಆ ಪ್ರಶ್ನೆ ಸಭೆಯ ಮುಂದೆ ಬರಲೇಬೇಕಾಯಿತು. ಬಂದದ್ದರಿಂದಲೇ ನಿರ್ಗಮನಕ್ಕೊಂದು ದಿನಾಂಕ ಬರಹದಲ್ಲಿ ನೆಲೆಗೊಂಡಿತು. ‘ಸರ್ಕಾರ’ ಎಂಬ ಒಂದು ಪದದೊಳಗೆ ತಾವೂ ಇದ್ದೇವೆಂದು ಆ ಸದಸ್ಯರು ಸಾಧಿಸಹೊರಟಿದ್ದರು. 2008ರಲ್ಲಿ ಅವರ ಅರ್ಥ ಗೆದ್ದಿತು, 2014ರಲ್ಲಿ ಸೋತಿತು. ಸಂವಿಧಾನದ ಪದಗಳಿಗೆ ಅರ್ಥ ಒಮ್ಮೆಗೇ ನಿಶ್ಚಯವಾಗುವುದಿಲ್ಲ. ಪ್ರತಿಯೊಂದು ಸಭೆಯೂ ಅದನ್ನು ಹೊಸದಾಗಿ ಗಳಿಸಿಕೊಳ್ಳಬೇಕಾಗುತ್ತದೆ.