ಒಂದೇ ಕಾಲಂ, ಹಲವು ಮೌಲ್ಯ: ಕಸಾಂಡ್ರದ ಇಂಡೆಕ್ಸ್ ನಡೆದು ಬಂದ ದಾರಿ

ಕಸಾಂಡ್ರ ಡೇಟಾಬೇಸ್‌ನಲ್ಲಿ ಸೆಟ್, ಲಿಸ್ಟ್, ಮ್ಯಾಪ್ ಕಾಲಂಗಳಿಗೆ ಇಂಡೆಕ್ಸ್ ಹಾಕಲೇಬಾರದು ಎಂಬ ಮಾತು ವರ್ಷಗಳಿಂದ ಬಾಯಿಂದ ಬಾಯಿಗೆ ದಾಟಿ ಬಂದಿದೆ. 2024ರ ಸೆಪ್ಟೆಂಬರ್‌ನಲ್ಲಿ 5.0 ಆವೃತ್ತಿ ಬಂದ ಮೇಲೆ ತದ್ವಿರುದ್ಧ ಮಾತು ಹಬ್ಬಿದೆ: ಟೇಬಲ್ ಹೇಗಿದ್ದರೂ ಸರಿ, ಉಳಿದದ್ದನ್ನು ಇಂಡೆಕ್ಸ್ ನೋಡಿಕೊಳ್ಳುತ್ತದೆ. ಇಂಥ ಕಾಲಂನೊಳಗಿನ ಮೌಲ್ಯಗಳು ಡಿಸ್ಕಿನಲ್ಲಿ ಹೇಗೆ ಕೂರುತ್ತವೆ ಎಂದು ನೋಡದವರೇ ಈ ಎರಡೂ ಮಾತನ್ನು ಆಡಬಲ್ಲರು.

ಸಮಸ್ಯೆ ಹಳೆಯದು. 1970ರಲ್ಲಿ ಎಡ್ಗರ್ ಕಾಡ್ ಕಟ್ಟಿದ ರಿಲೇಶನಲ್ ಮಾದರಿಯಲ್ಲಿ ಒಂದು ಮನೆಗೆ ಒಂದೇ ಮೌಲ್ಯ. ಹಲವಿದ್ದರೆ ಬೇರೆ ಟೇಬಲ್, ಜಾಯಿನ್. ಪೋಸ್ಟ್‌ಗ್ರೆಸ್ 2006ರಲ್ಲಿ ಜಿನ್ ಇಂಡೆಕ್ಸ್ ತಂದು ಅರೇಯ ಒಳಗನ್ನು ಹುಡುಕಲು ಬರುವಂತೆ ಮಾಡಿತು. ಮೊಂಗೋಡಿಬಿ ಅರೇಯ ಪ್ರತಿ ಅಂಶಕ್ಕೂ ತಾನಾಗಿಯೇ ಒಂದು ಇಂಡೆಕ್ಸ್ ನಮೂದು ಬರೆಯುವ ಮಲ್ಟಿಕೀ ದಾರಿ ಹಿಡಿಯಿತು.

ಕಸಾಂಡ್ರದ ಹುಟ್ಟು ಬೇರೆ ಅಗತ್ಯದ್ದು. ಫೇಸ್‌ಬುಕ್‌ನ ಇನ್‌ಬಾಕ್ಸ್ ಹುಡುಕಾಟಕ್ಕೆಂದು ಅವಿನಾಶ್ ಲಕ್ಷ್ಮಣ್ ಮತ್ತು ಪ್ರಶಾಂತ್ ಮಲಿಕ್ ಬರೆದ ಇದು 2008ರಲ್ಲಿ ಮುಕ್ತ ತಂತ್ರಾಂಶವಾಯಿತು. ಜಾಯಿನ್ ಇಲ್ಲ, ಸಾಲು ಯಾವ ನೋಡ್‌ನಲ್ಲಿದೆ ಎಂದು ಹೇಳುವ ಪಾರ್ಟಿಶನ್ ಕೀ ಗೊತ್ತಿದ್ದರೆ ಉತ್ತರ ತಕ್ಷಣ, ಗೊತ್ತಿಲ್ಲದಿದ್ದರೆ ಕಷ್ಟ. 2011ರ ಆರಂಭದಲ್ಲಿ ಬಂದ 0.7 ಆವೃತ್ತಿ ಸೆಕೆಂಡರಿ ಇಂಡೆಕ್ಸ್ ಕೊಟ್ಟರೂ ಅದು ಒಂಟಿ ಮೌಲ್ಯಗಳಿಗೆ ಮಾತ್ರ.

2013ರ ಜನವರಿಯ 1.2 ಆವೃತ್ತಿ ಸಿಕ್ಯೂಎಲ್-3 ಕ್ವೆರಿ ಭಾಷೆಯ ಜೊತೆಗೆ ಸೆಟ್, ಲಿಸ್ಟ್, ಮ್ಯಾಪ್ ಎಂಬ ಮೂರು ಕಲೆಕ್ಷನ್‌ಗಳನ್ನು ತಂದಿತು. ಅವುಗಳ ಒಳವಿನ್ಯಾಸಕ್ಕೆ ಸಲ್ಲಬೇಕಾದ ಮೆಚ್ಚುಗೆ ಇನ್ನೂ ಸಂದಿಲ್ಲ. ಸೆಟ್‌ನ ಪ್ರತಿ ಅಂಶವೂ ಡಿಸ್ಕಿನಲ್ಲಿ ಬೇರೆಯೇ ಒಂದು ಸೆಲ್. ಹಾಗಾಗಿ ಹಳೆಯದನ್ನು ಓದದೆಯೇ ಹೊಸ ಅಂಶ ಸೇರಿಸಬಹುದು. ಇಬ್ಬರು ಏಕಕಾಲಕ್ಕೆ ಬೇರೆ ಬೇರೆ ಅಂಶ ಸೇರಿಸಿದರೂ ಎರಡೂ ಉಳಿಯುತ್ತವೆ. ಲಿಸ್ಟ್‌ಗೆ ಈ ಗುಣ ಪೂರ್ತಿ ಇಲ್ಲ. ಮೂರನೆಯ ಅಂಶ ಬದಲಿಸು ಎಂದರೆ ಕಸಾಂಡ್ರ ಮೊದಲು ಓದಿ ಆಮೇಲೆ ಬರೆಯಬೇಕು. ಕ್ರಮ ನಿಜಕ್ಕೂ ಬೇಕಿಲ್ಲದ ಕಡೆ ಲಿಸ್ಟ್ ಬಳಸುವುದು ತಪ್ಪು.

ಆದರೆ ಇಟ್ಟದ್ದನ್ನು ಹುಡುಕುವಂತಿರಲಿಲ್ಲ. ಅದಕ್ಕೆ 2014ರ ಸೆಪ್ಟೆಂಬರ್‌ನ 2.1 ಆವೃತ್ತಿವರೆಗೆ ಕಾಯಬೇಕಾಯಿತು. ಪುಸ್ತಕಗಳ ಟೇಬಲ್‌ನಲ್ಲಿ ‘ವಿಷಯಗಳು’ ಎಂಬ ಸೆಟ್ ಇದೆ ಎನ್ನಿ. ಅದಕ್ಕೆ ಇಂಡೆಕ್ಸ್ ಹಾಕಿ ‘ವಿಷಯಗಳು ಕಂಟೇನ್ಸ್ ಇತಿಹಾಸ’ ಎಂದು ಕೇಳಬಹುದಾಯಿತು. ಮ್ಯಾಪ್‌ನ ಕೀಗಳನ್ನು ಹುಡುಕಲು ‘ಕಂಟೇನ್ಸ್ ಕೀ’ ಬಂತು; ಕೀ-ಮೌಲ್ಯ ಜೋಡಿಯ ಇಂಡೆಕ್ಸ್ ಆಮೇಲೆ ಸೇರಿತು.

ಈ ಇಂಡೆಕ್ಸ್ ಎಂದರೆ ಪ್ರತಿ ನೋಡ್‌ನಲ್ಲೂ ಒಂದು ಗುಪ್ತ ಟೇಬಲ್. ‘ಇತಿಹಾಸ’ ಎಂಬುದು ಅದರ ಪಾರ್ಟಿಶನ್ ಕೀ, ಅದರಡಿ ಆ ನೋಡ್‌ನಲ್ಲಿರುವ ಇತಿಹಾಸ ಪುಸ್ತಕಗಳ ಕೀಗಳು. ಕೆಟ್ಟ ಹೆಸರಿನ ಮೂಲ ಇಲ್ಲೇ ಇದೆ. ಜನಪ್ರಿಯ ಪದವಾದರೆ ಆ ಪಾರ್ಟಿಶನ್ ಊದುತ್ತದೆ. ಅಪರೂಪದ ಪದವಾದರೆ ಒಂದೆರಡು ಸಾಲಿಗಾಗಿ ಕ್ಲಸ್ಟರ್‌ನ ಹಲವು ನೋಡ್‌ಗಳ ಬಾಗಿಲು ತಟ್ಟಬೇಕು. ಅಂಶ ಅಳಿಸಿದಾಗಲೆಲ್ಲ ಟೂಂಬ್‌ಸ್ಟೋನ್ ಎಂಬ ಅಳಿಸುವಿಕೆಯ ಗುರುತುಗಳು ಬೀಳುತ್ತವೆ.

ಇಷ್ಟೆಲ್ಲ ನಿಜ. ಆದರೆ ಪಾರ್ಟಿಶನ್ ಕೀ ಕೊಟ್ಟು ಅದರ ಜೊತೆಗೆ ಕಂಟೇನ್ಸ್ ಕೇಳಿದರೆ ಆ ಪಾರ್ಟಿಶನ್‌ನ ಪ್ರತಿಗಳಿರುವ ನೋಡ್‌ಗಳು ಮಾತ್ರ ಉತ್ತರಿಸುತ್ತವೆ, ಕ್ಲಸ್ಟರ್‌ಗೆ ಹೊರೆಯಿಲ್ಲ. ‘ಇಂಡೆಕ್ಸ್ ಬೇಡ’ ಎಂದವರ ಉಪದೇಶದಲ್ಲಿ ಈ ವಿನಾಯಿತಿ ಬಿಟ್ಟೇ ಹೋಯಿತು.

ಆ ವರ್ಷಗಳಲ್ಲಿ ಕೆಲಸ ಮಾಡಿದವರು ಇಂಡೆಕ್ಸ್‌ಗಿಂತ ವಿನ್ಯಾಸವನ್ನು ನಂಬಿದರು. ಮೊದಲು ಪ್ರಶ್ನೆ, ಆಮೇಲೆ ಟೇಬಲ್ ಎಂಬುದು ಆ ಪರಂಪರೆಯ ಶಿಸ್ತು. ಸೆಟ್‌ನ ಪಕ್ಕದಲ್ಲೇ ‘ವಿಷಯವಾರು ಪುಸ್ತಕಗಳು’ ಎಂಬ ಎರಡನೇ ಟೇಬಲ್ ಇಟ್ಟು, ಲಾಗ್ಡ್ ಬ್ಯಾಚ್‌ನಲ್ಲಿ ಎರಡಕ್ಕೂ ಬರೆಯುತ್ತಿದ್ದರು. ಬರೆಯುವ ಕೆಲಸ ದುಪ್ಪಟ್ಟಾದರೂ ಓದು ಒಂದೇ ಪಾರ್ಟಿಶನ್‌ನಿಂದ ಸಿಗುತ್ತಿತ್ತು. ಭಾರೀ ಓದಿನ ದಾರಿಗೆ ಇಂದಿಗೂ ಇದಕ್ಕಿಂತ ಗಟ್ಟಿ ಉಪಾಯವಿಲ್ಲ. 3.0ರ ಮೆಟೀರಿಯಲೈಸ್ಡ್ ವ್ಯೂಗಳು ಈ ಶ್ರಮ ತಪ್ಪಿಸಬಹುದೆಂದು ಆಸೆ ಹುಟ್ಟಿಸಿದವು. ಸೆಟ್‌ನ ಅಂಶಗಳನ್ನು ಬಿಡಿಸಿ ಸಾಲುಗಳಾಗಿಸುವುದು ಅವುಗಳಿಂದ ಆಗಲಿಲ್ಲ. 2016ರ ಸಾಸಿ ಇಂಡೆಕ್ಸ್ ಪಠ್ಯ ಹುಡುಕಾಟದಲ್ಲಿ ಜಾಣತನ ತೋರಿತು, ಕಲೆಕ್ಷನ್‌ಗಳನ್ನು ಮುಟ್ಟಲೇ ಇಲ್ಲ.

5.0ರಲ್ಲಿ ಬಂದ ಸ್ಟೋರೇಜ್ ಅಟ್ಯಾಚ್ಡ್ ಇಂಡೆಕ್ಸ್, ಅಂದರೆ ಎಸ್‌ಎಐ, ಗುಪ್ತ ಟೇಬಲ್ ಬಿಟ್ಟು ಪ್ರತಿ ಡೇಟಾ ಫೈಲ್‌ಗೇ ಅಂಟಿಕೊಂಡಿರುತ್ತದೆ. ಡೇಟಾ ಫೈಲ್ ಅಳಿದರೆ ಇಂಡೆಕ್ಸೂ ಅಳಿಯುತ್ತದೆ. ಒಂದು ಫೈಲ್‌ನ ಹಲವು ಇಂಡೆಕ್ಸ್‌ಗಳು ಸಾಲುಗಳ ಕೀ ಮಾಹಿತಿಯನ್ನು ಹಂಚಿಕೊಳ್ಳುವುದರಿಂದ ಜಾಗ ಉಳಿಯುತ್ತದೆ. ವಿಷಯ, ಭಾಷೆ ಎಂದು ಎರಡು ಷರತ್ತು ಕೊಟ್ಟರೆ, ಸಾಲುಗಳನ್ನು ಓದುವ ಮೊದಲೇ ಪಟ್ಟಿಗಳನ್ನು ಹೋಲಿಸಿ ಸಮಾನವಾದವನ್ನು ಆರಿಸಿಕೊಳ್ಳುತ್ತದೆ. ಇದು ನಿಜವಾದ ಮುನ್ನಡೆ. ಆದರೂ ಪಾರ್ಟಿಶನ್ ಕೀ ಇಲ್ಲದ ಪ್ರಶ್ನೆ ಈಗಲೂ ನೋಡ್‌ನಿಂದ ನೋಡ್‌ಗೆ ಅಲೆಯಲೇಬೇಕು.

ಇನ್ನು ಉಳಿದಿರುವ ಕೊರತೆಗಳು. ‘ಇತಿಹಾಸ ಅಥವಾ ಪುರಾತತ್ವ’ ಎಂದು ಒಂದೇ ಕ್ವೆರಿಯಲ್ಲಿ ಕೇಳಲು 5.0ರ ಸಿಕ್ಯೂಎಲ್‌ನಲ್ಲಿ ದಾರಿಯಿಲ್ಲ. ಎರಡು ಕ್ವೆರಿ ಓಡಿಸಿ ಉತ್ತರಗಳನ್ನು ಅಪ್ಲಿಕೇಶನ್ನೇ ಬೆಸೆಯಬೇಕು. ಸೆಟ್‌ನೊಳಗೆ ವಿಳಾಸದಂಥ ಬಳಕೆದಾರ-ರೂಪಿತ ಟೈಪ್ ಇಟ್ಟರೆ ಇಡೀ ವಿಳಾಸವನ್ನು ಹುಡುಕಬಹುದು, ಅದರೊಳಗಿನ ಊರನ್ನಷ್ಟೇ ಹುಡುಕಲಾಗದು. ಮೊಂಗೋಡಿಬಿ ಬಳಸಿದವರಿಗೆ ಹಾಗೆ ಒಳಗಿನದನ್ನಷ್ಟೇ ಹುಡುಕುವುದು ಸಾಮಾನ್ಯ ಸೌಲಭ್ಯ. ಇಡೀ ಸೆಟ್ಟನ್ನು ಹೊಸದಾಗಿ ಬರೆದಾಗಲೆಲ್ಲ ಹಳೆಯದರ ಮೇಲೆ ಟೂಂಬ್‌ಸ್ಟೋನ್ ಬೀಳುವುದೂ ನಿಂತಿಲ್ಲ. ಅಪ್ಲಿಕೇಶನ್ ಬರೆಯುವವರು ಒಂದು ಅಂಶ ಬದಲಾದರೂ ಪೂರ್ತಿ ಸೆಟ್ಟನ್ನೇ ಕಳಿಸುತ್ತಿದ್ದರೆ, 1.2ರಲ್ಲಿ ಕಟ್ಟಿದ ಬಿಡಿ ಸೆಲ್‌ಗಳ ಅನುಕೂಲ ಅವರಿಗೆ ದಕ್ಕುವುದಿಲ್ಲ. ಎಸ್‌ಎಐ ಹಾಕಿದ ಟೇಬಲ್‌ಗಳಲ್ಲೂ ಅಷ್ಟೇ.