ಮಸ್ಕಿಯ ಬಂಡೆಯೂ ಯವನ ದೇಶಗಳ ನಕ್ಷೆಯೂ

ಸಭಾಚರಿತ್ರೆಯ ಪಾಠವನ್ನು ನಾವು ಯೆರೂಸಲೇಮಿನಿಂದ ಆರಂಭಿಸಿ ಅಂತಿಯೋಕ್ಯ, ಕೊರಿಂಥ, ರೋಮ್ ಎಂದು ಪಶ್ಚಿಮಾಭಿಮುಖವಾಗಿ ಸಾಗುತ್ತೇವೆ. ನಮ್ಮ ನಾಡು ಆ ನಕ್ಷೆಯ ಅಂಚಿನಲ್ಲಿ, ಬಹು ತಡವಾಗಿ ಕಾಣಿಸಿಕೊಳ್ಳುತ್ತದೆ. ಆದರೆ ಪೌಲನಿಗಿಂತ ಸುಮಾರು 300 ವರ್ಷ ಮೊದಲೇ ಆ ದೇಶಗಳ ಅರಸರ ಹೆಸರುಗಳನ್ನು ಈ ದಕ್ಷಿಣಾಪಥದ ಬಂಡೆಯಲ್ಲಿ ಕೆತ್ತಲಾಗಿತ್ತು.

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಇದೆ. ಅಲ್ಲಿಯ ಶಾಸನವನ್ನು 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಗುರುತಿಸಿದರು. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳಷ್ಟೇ ಇದ್ದವು. ಮಸ್ಕಿಯಲ್ಲಿ ಅಶೋಕನೆಂಬ ಹೆಸರೇ ದೊರೆತು, ವಿದ್ವಾಂಸರ ಊಹೆ ದೃಢಪಟ್ಟಿತು.

ಮಸ್ಕಿಯ ಶಾಸನದಲ್ಲಿ ಯವನರ ಮಾತಿಲ್ಲ. ಅದಿರುವುದು ಹದಿಮೂರನೆಯ ಬಂಡೆಶಾಸನದಲ್ಲಿ. ಅದರ ಪಾಠ ನಮಗೆ ಸಮೀಪದಲ್ಲಿ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿದೆ. ಅದು ಅಂತಿಯೋಕ, ತುರಮಾಯ, ಅಂತೆಕಿನ, ಮಗ, ಅಲಿಕಸುದರ ಎಂಬ ಐವರನ್ನು ಹೆಸರಿಸುತ್ತದೆ. ಇವರು ಕ್ರಮವಾಗಿ ಸಿರಿಯ, ಐಗುಪ್ತ, ಮಕೆದೋನ್ಯ, ಕುರೇನೆಗಳ ಅರಸರು. ಕೊನೆಯವನು ಎಪೀರಸಿನವನೆಂದು ಕೆಲವರು, ಕೊರಿಂಥದವನೆಂದು ಕೆಲವರು ಹೇಳುತ್ತಾರೆ.

ಈ ಪಟ್ಟಿಯನ್ನು ಹೊಸ ಒಡಂಬಡಿಕೆಯ ಪಕ್ಕದಲ್ಲಿಟ್ಟು ಓದೋಣ. ಶಿಷ್ಯರಿಗೆ ಕ್ರೈಸ್ತರೆಂಬ ಹೆಸರು ಮೊದಲು ಬಂದದ್ದು ಸಿರಿಯದ ಅಂತಿಯೋಕ್ಯದಲ್ಲಿ, ಅಲ್ಲಿ ಗ್ರೀಕರಿಗೆ ಸುವಾರ್ತೆ ಸಾರಿದವರಲ್ಲಿ ಕುರೇನೆಯವರಿದ್ದರು (ಅ. ಕೃತ್ಯಗಳು 11:20–26). ಶಿಲುಬೆಯನ್ನು ಹೊತ್ತ ಸೀಮೋನನೂ ಕುರೇನೆಯವನೇ. ಪೌಲನಿಗೆ ದರ್ಶನದಲ್ಲಿ ಕರೆ ಬಂದದ್ದು ಮಕೆದೋನ್ಯದಿಂದ. ತುರಮಾಯನೆಂಬ ಎರಡನೆಯ ಟಾಲೆಮಿಯ ಕಾಲದಲ್ಲಿಯೇ ಮೋಶೆಯ ಗ್ರಂಥಗಳು ಗ್ರೀಕ್ ಭಾಷೆಗೆ ಬಂದವೆಂದು ಸಂಪ್ರದಾಯ ಹೇಳುತ್ತದೆ.

ಇದರಿಂದ ಅಶೋಕನ ದೂತರು ಸುವಾರ್ತೆಗೆ ದಾರಿ ಸಿದ್ಧಮಾಡಿದರೆಂದು ಸಾಧಿಸಹೊರಡುವುದು ತಪ್ಪು. ಅವನ ಧಮ್ಮವು ಸುವಾರ್ತೆಯಲ್ಲ. ಅದನ್ನು ಸುವಾರ್ತೆಯ ಮುನ್ನುಡಿಯಾಗಿಸುವುದು ಅದಕ್ಕೂ ಸುವಾರ್ತೆಗೂ ಅನ್ಯಾಯ. ಆದರೆ ಎರಡೂ ಒಂದೇ ಭೂಪಟದಲ್ಲಿ, ಒಂದೇ ಭಾಷೆಯಲ್ಲಿ ಸಂಚರಿಸಿದವು. ಕಂದಹಾರದ ಗ್ರೀಕ್ ಶಾಸನವು ಧಮ್ಮಕ್ಕೆ 'ಯೂಸೆಬೇಯ' ಎಂಬ ಪದವನ್ನು ಬಳಸಿತು. ತಿಮೊಥೆಯನಿಗೆ ಬರೆದ ಪತ್ರಗಳಲ್ಲಿ 'ದೇವಭಕ್ತಿ' ಎಂದು ನಾವು ಓದುವುದು ಇದೇ ಪದವನ್ನು.

ಇನ್ನೊಂದು ಸಂಗತಿ ನಮ್ಮನ್ನು ಹೆಚ್ಚು ತಡೆದು ನಿಲ್ಲಿಸಬೇಕು. ಆ ಐವರು ಅರಸರ ಹೆಸರು ಬರುವುದು ಪಶ್ಚಾತ್ತಾಪದ ಶಾಸನದಲ್ಲಿ. ಕಳಿಂಗದಲ್ಲಿ 1,00,000 ಜನ ಹತರಾದರು, 1,50,000 ಜನ ಸೆರೆಯಾಗಿ ಸಾಗಿಸಲ್ಪಟ್ಟರು ಎಂದು ಗೆದ್ದವನೇ ಒಪ್ಪಿಕೊಂಡು, ಅನಂತರವೇ ದೂರದೇಶಗಳ ಮಾತೆತ್ತುತ್ತಾನೆ. ಮಸ್ಕಿಯ ಬಂಡೆಯೂ, ಧರ್ಮದಲ್ಲಿ ನಿರತನಾದ ಅಲ್ಪನಿಗೂ ಈ ಫಲ ದೊರಕುತ್ತದೆ, ಅದು ದೊಡ್ಡವರಿಗೆ ಮಾತ್ರ ಮೀಸಲೆಂದು ಎಣಿಸಬಾರದು ಎನ್ನುತ್ತದೆ.

ಅನೇಕ ವೇಳೆ ಸಾಮ್ರಾಜ್ಯಗಳ ಹಡಗುಗಳಲ್ಲಿಯೇ ಈ ನಾಡಿಗೆ ಬಂದ ಸುವಾರ್ತಾಸೇವೆಯ ವಾರಸುದಾರರು ನಾವು. ಸಾರುವವನು ಮೊದಲು ತನ್ನ ತಪ್ಪನ್ನು ಅರಿಕೆಮಾಡಬೇಕೆಂಬ ಪಾಠವನ್ನು ನಾವು ಕೀರ್ತನೆಗಾರನಿಂದಲೂ ಪ್ರವಾದಿಗಳಿಂದಲೂ ಕಲಿತಿದ್ದೇವೆ. ಅದೇ ಮಾತಿಗೆ ನಮ್ಮ ನೆರೆಯ ಬಂಡೆಯೊಂದು ಸಾಕ್ಷಿಯಾದರೆ ಅದನ್ನು ಕೇಳಿಸಿಕೊಳ್ಳಲು ನಾವು ಹಿಂಜರಿಯಬೇಕಾಗಿಲ್ಲ.