ರಾಜಕೀಯ ಭಾಷಣಗಳ ಭಾಷೆಯಲ್ಲಿ ಸ್ತ್ರೀ-ಪುರುಷ ಭೇದ

ಸಾರ್ವಜನಿಕ ವೇದಿಕೆಯಿಂದ ಮಾತನಾಡುವ ಸ್ತ್ರೀಪುರುಷರ ಸಂಬೋಧನೆ, ನಿದರ್ಶನ, ವಾದಕ್ರಮಗಳಲ್ಲಿ ತೋರುವ ವ್ಯತ್ಯಾಸ. ಸ್ತ್ರೀಯರ ಮಾತಿನಲ್ಲಿ ಸಂಕೋಚಸೂಚಕ ಪ್ರಯೋಗಗಳೂ ಸಮ್ಮತಿಯನ್ನು ಬೇಡುವ ಪ್ರಶ್ನೆಗಳೂ ಅಧಿಕವೆಂದು ಅಮೆರಿಕದ ಭಾಷಾಶಾಸ್ತ್ರಜ್ಞೆ ರಾಬಿನ್ ಲೇಕಾಫ್ 1975ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು. ನ್ಯಾಯಾಲಯದ ಸಾಕ್ಷಿಗಳ ಮಾತನ್ನು ಪರಿಶೀಲಿಸಿದ ಓಬಾರ್ ಮತ್ತು ಅಟ್ಕಿನ್ಸ್ ಎಂಬವರು 1980ರಲ್ಲಿ, ಆ ಲಕ್ಷಣಗಳು ಸ್ತ್ರೀತ್ವಕ್ಕಿಂತ ಹೆಚ್ಚಾಗಿ ಅಧಿಕಾರಹೀನತೆಗೆ ಸೇರಿದುವೆಂದರು. ಧಾರವಾಡ ಸೀಮೆಯ ಅನುಭವವು ಈ ಎರಡನೆಯ ಮತವನ್ನೇ ಪುಷ್ಟೀಕರಿಸುವುದು.

ಹಿಂದೀ, ಮರಾಠಿಗಳಲ್ಲಿ 'ನಾನು ಬಂದೆ' ಎನ್ನುವಾಗಲೇ ಕ್ರಿಯಾಪದವು ವಕ್ತೃವಿನ ಲಿಂಗವನ್ನು ಸಾರಿಬಿಡುತ್ತದೆ. ಕನ್ನಡದಲ್ಲಿ 'ಬಂದನು', 'ಬಂದಳು' ಎಂಬ ಭೇದವು ಪ್ರಥಮಪುರುಷಕ್ಕೆ ಮಾತ್ರ ಉಂಟು; ಉತ್ತಮಪುರುಷಕ್ಕಿಲ್ಲ. ಆದುದರಿಂದ ಇಲ್ಲಿ ಭೇದವನ್ನು ವ್ಯಾಕರಣದ ಹೊರಗೆ, ಸಭಾಮರ್ಯಾದೆಯಲ್ಲಿಯೂ ನುಡಿಗಟ್ಟಿನಲ್ಲಿಯೂ ಅರಸಬೇಕು. ಚುನಾವಣೆಯ ಸಭೆಗಳಲ್ಲಿ ಪುರುಷನು ತೊಡೆತಟ್ಟಿ ಸವಾಲೆಸೆಯುವನು, ತಾಕತ್ತಿನ ಮಾತನ್ನಾಡುವನು, ಎದುರಾಳಿಯನ್ನು ಏಕವಚನದಲ್ಲಿ ಕರೆದರೂ ಚಪ್ಪಾಳೆ ಗಿಟ್ಟಿಸುವನು. ಸ್ತ್ರೀಯಾದರೋ ಸೆರಗೊಡ್ಡಿ ಮತ ಬೇಡುವಳು, ತನ್ನನ್ನು ಮನೆಮಗಳೆಂದು ಹೇಳಿಕೊಳ್ಳುವಳು. ಸೆರಗೊಡ್ಡುವುದನ್ನು ಅಬಲೆಯ ಸ್ವಭಾವವೆಂದು ಭಾವಿಸುವುದು ಅನ್ಯಾಯ; ಆಕೆಗೆ ಸಮಾಜವು ಮಂಜೂರು ಮಾಡಿದ ಭಂಗಿ ಅದೊಂದೇ ಆಗಿತ್ತು. ಶಾಸಕರಾಗಿದ್ದ ಪತಿಯ ನಿಧನದಿಂದ ತೆರವಾದ, ಧಾರವಾಡ ಸೀಮೆಯ ಕುಂದಗೋಳ ಕ್ಷೇತ್ರವನ್ನು 2019ರ ಉಪಚುನಾವಣೆಯಲ್ಲಿ ಕುಸುಮಾವತಿ ಶಿವಳ್ಳಿ ಗೆದ್ದರು. ಇಂಥ ಸಂದರ್ಭಗಳಲ್ಲಿ ಅಭ್ಯರ್ಥಿಯು ಮೊದಲು ಪತ್ನಿಯಾಗಿ, ಅನಂತರವೇ ಪ್ರತಿನಿಧಿಯಾಗಿ ಮಾತನಾಡಬೇಕೆಂದು ಸಭೆಯೇ ನಿರೀಕ್ಷಿಸುತ್ತದೆ.

ಅನ್ಯಮಾರ್ಗವೂ ಈ ನೆಲದಲ್ಲಿ ಇಲ್ಲದಿರಲಿಲ್ಲ. ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಅವರು 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ಸ್ವಯಂಸೇವಕಿಯರನ್ನು ಸಂಘಟಿಸಿದರು. ಸಂಸ್ಕೃತವನ್ನೂ ಕಾನೂನನ್ನೂ ಅಭ್ಯಸಿಸಿದ ಸರೋಜಿನಿ ಮಹಿಷಿಯವರು 1962ರಲ್ಲಿ ಧಾರವಾಡ ಉತ್ತರ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾಗಿ, ಮುಂದೆ ಮೂರು ಬಾರಿ ಮರಳಿ ಗೆದ್ದರು. ವಿದ್ವತ್ತೇ ಅವರ ಅಧಿಕಾರದ ಆಧಾರವಾಗಿತ್ತು.

ಇದೇ ಸೀಮೆಯ ಕಲಘಟಗಿಯಂಥ ತಾಲ್ಲೂಕಿನಲ್ಲಿ ಈ ವಿಷಯದ ನಿಜವಾದ ಕ್ಷೇತ್ರವೆಂದರೆ ಗ್ರಾಮಸಭೆ. ಕರ್ನಾಟಕವು 1983ರ ಅಧಿನಿಯಮದಿಂದ ಪಂಚಾಯತಿಗಳಲ್ಲಿ ಸ್ತ್ರೀಯರಿಗೆ ಶೇಕಡ 25ರಷ್ಟು ಸ್ಥಾನಗಳನ್ನು ಕಾದಿರಿಸಿತು. 1993ರ ಪಂಚಾಯತ್ ರಾಜ್ ಅಧಿನಿಯಮವು ಅದನ್ನು ಮೂರನೆಯ ಒಂದು ಭಾಗಕ್ಕೂ 2010ರ ತಿದ್ದುಪಡಿಯು ಅರ್ಧಕ್ಕೂ ಏರಿಸಿತು. ಆದರೂ ಅಧ್ಯಕ್ಷೆಯ ಪರವಾಗಿ ಪತಿಯೋ ಮೈದುನನೋ ಎದ್ದು ಉತ್ತರಿಸುವ ರೂಢಿ ಉಳಿದಿರುವಲ್ಲಿ, ಎರಡು ಭಾಷೆಗಳ ಅಂತರಕ್ಕಿಂತ ಆ ಮೌನವೇ ಹಿರಿದಾದ ಭೇದವೆನ್ನಬೇಕು. ಸದಸ್ಯೆಯು ತಾನೇ ಎದ್ದಾಗ 'ನಾನು ಮಾಡಿಸಿದೆ' ಎಂಬುದಕ್ಕಿಂತ 'ನಮ್ಮ ಓಣಿಗೆ ನಳಾ ಬಂದಿಲ್ರೀ' ಎಂಬುದೇ ಮಾತಿನ ಮೊದಲಾಗುವುದುಂಟು: ನೀರು, ಪಡಿತರ, ಸಾರಾಯಿ, ಶಾಲೆಯ ಶೌಚಾಲಯ. ಸ್ವಾನುಭವದಿಂದ ಹೊರಟು ಕೇಳುಗರನ್ನು ಸಮಾನರೆಂದೆಣಿಸುವ ಈ ಕ್ರಮವನ್ನೇ ಭಾಷಣಕಲೆಯ ವಿದ್ವಾಂಸೆ ಕಾರ್ಲಿನ್ ಕ್ಯಾಂಪ್‌ಬೆಲ್ 1989ರಲ್ಲಿ ಸ್ತ್ರೀಶೈಲಿಯೆಂದು ವಿವರಿಸಿದರು. ಅಧಿಕಾರದ ಒಂದು ಅವಧಿಯನ್ನು ಸ್ವತಃ ನಡೆಸಿದವಳ ಬಾಯಲ್ಲಿ ಆ 'ರೀ' ಹಾಗೆಯೇ ಉಳಿದು, ಅದರ ಹಿಂದೆ ಕಾಮಗಾರಿಯ ಲೆಕ್ಕ, ಠರಾವಿನ ದಿನಾಂಕ, ಅಭಿವೃದ್ಧಿ ಅಧಿಕಾರಿಗೆ ನೇರ ಪ್ರಶ್ನೆಗಳು ಬಂದು ಸೇರುತ್ತವೆ.